ಸಿಸೇರಿಯನ್ ಮಗುವಿನ ಕರುಳಿನಲ್ಲಿ ಯಾವುದು ಬದಲಾಗುತ್ತದೆ, ಎಷ್ಟು ದಿನ ಉಳಿಯುತ್ತದೆ

ಗರ್ಭದಲ್ಲಿರುವಷ್ಟು ಕಾಲ ಆರೋಗ್ಯವಂತ ಮಗುವಿನ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬೀಡು ಇರುವುದಿಲ್ಲ. ಮಾಸಿಗೂ ಒಂದು ಮೈಕ್ರೋಬಯೋಮ್, ಅಂದರೆ ತನ್ನದೇ ಸೂಕ್ಷ್ಮಾಣುಗಳ ಸಮುದಾಯ, ಇದೆ, ಮಗು ಹೊಟ್ಟೆಯಲ್ಲಿರುವಾಗಲೇ ಅದನ್ನು ಪಡೆಯುತ್ತದೆ ಎಂಬ ವಾದ ಕೆಲವು ವರ್ಷ ಜೋರಾಗಿಯೇ ನಡೆಯಿತು. 2019ರಲ್ಲಿ ಕೇಂಬ್ರಿಜ್‌ನ ಸಂಶೋಧಕರು 537 ಮಹಿಳೆಯರ ಮಾಸುಗಳನ್ನು ಪರೀಕ್ಷಿಸಿ ನೋಡಿದರು. ಸಿಕ್ಕ ಬ್ಯಾಕ್ಟೀರಿಯಾ ಡಿಎನ್‌ಎಯಲ್ಲಿ ಬಹುಪಾಲು ಪ್ರಯೋಗಾಲಯದ ಕಿಟ್‌ಗಳಿಂದ ಬಂದದ್ದು, ಇಲ್ಲವೇ ಹೆರಿಗೆಯ ಹೊತ್ತಿನಲ್ಲಿ ಅಂಟಿದ್ದು. ನಿಜವಾಗಿ ಒಳಗಿದ್ದದ್ದೆಂದರೆ ಸುಮಾರು ಶೇ 5ರಷ್ಟು ಮಾಸುಗಳಲ್ಲಿ ಗುಂಪು ಬಿ ಸ್ಟ್ರೆಪ್ಟೋಕಾಕಸ್. ಅದು ಮಗುವಿಗೆ ಸೋಂಕು ತರಬಲ್ಲ ಬ್ಯಾಕ್ಟೀರಿಯಾ, ಬಳುವಳಿಯಲ್ಲ. ಹಾಗಾಗಿ ಮಗುವಿನ ಸೂಕ್ಷ್ಮಾಣುಗಳ ಲೆಕ್ಕ ಶುರುವಾಗುವುದು ನೀರು ಒಡೆದ ಮೇಲೆಯೇ.

ಇಷ್ಟು ಒಪ್ಪಿಕೊಂಡರೆ ಮುಂದಿನ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮಗು ಸಹಜ ಹೆರಿಗೆಯಲ್ಲಿ ಬಂದರೆ ಒಂದು ಬಗೆ, ಹೊಟ್ಟೆ ಕೊಯ್ದು ತೆಗೆದರೆ ಇನ್ನೊಂದು ಬಗೆಯೇ? ಹೌದು, ವ್ಯತ್ಯಾಸ ನಿಜ. ಆದರೆ ಅದಕ್ಕೆ ಎಲ್ಲೆಡೆ ಹೇಳುವ ಕಾರಣ ಬಹುಮಟ್ಟಿಗೆ ತಪ್ಪು.

ಯೋನಿಯಿಂದಲ್ಲ, ತಾಯಿಯ ಕರುಳಿನಿಂದ

ಜನಪ್ರಿಯ ವಿವರಣೆಯ ಬೇರು 2010ರ ಒಂದು ಅಧ್ಯಯನದಲ್ಲಿದೆ. ವೆನಿಜುವೆಲಾದ ಪುಯೆರ್ತೊ ಅಯಾಕುಚೊ ಎಂಬಲ್ಲಿ 9 ತಾಯಂದಿರು ಮತ್ತು ಅವರ 10 ಶಿಶುಗಳಿಂದ, ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಮಾದರಿಗಳನ್ನು ತೆಗೆದರು. ಸಹಜ ಹೆರಿಗೆಯ ಮಕ್ಕಳ ಮೈಮೇಲೆ, ಬಾಯಲ್ಲಿ ತಾಯಿಯ ಯೋನಿಯಲ್ಲಿರುವಂಥ ಲ್ಯಾಕ್ಟೋಬ್ಯಾಸಿಲಸ್, ಪ್ರಿವೊಟೆಲ್ಲಾ ಸಿಕ್ಕವು. ಸಿಸೇರಿಯನ್ ಮಕ್ಕಳಲ್ಲಿ ಚರ್ಮದ ಮೇಲಿರುವಂಥ ಸ್ಟೆಫೈಲೋಕಾಕಸ್, ಕೊರಿನೆಬ್ಯಾಕ್ಟೀರಿಯಂ ಸಿಕ್ಕವು. ಅಚ್ಚುಕಟ್ಟಾದ ಫಲಿತಾಂಶ. ಅಲ್ಲಿಂದ 'ಜನನ ಮಾರ್ಗದಲ್ಲಿ ಮಗು ಒಳ್ಳೆಯ ಬ್ಯಾಕ್ಟೀರಿಯಾಗಳಲ್ಲಿ ಮಿಂದು ಬರುತ್ತದೆ' ಎಂಬ ಮಾತು ಹುಟ್ಟಿತು, ಹರಡಿತು.

ಆದರೆ ಹುಟ್ಟಿದ ಗಳಿಗೆಯಲ್ಲಿ ಮೈಗೆ ಅಂಟಿದ್ದು ಬೇರೆ, ವಾರದ ಬಳಿಕ ಕರುಳಿನಲ್ಲಿ ನೆಲೆ ನಿಂತದ್ದು ಬೇರೆ. ಯೋನಿಯ ಲ್ಯಾಕ್ಟೋಬ್ಯಾಸಿಲಸ್‌ಗಳು ಯೋನಿಯ ವಾತಾವರಣಕ್ಕೆ ಒಗ್ಗಿದವು. ಹಾಲು ಕುಡಿಯುವ ಕೂಸಿನ ಕರುಳು ಅವಕ್ಕೆ ಹೊಂದುವ ಜಾಗವಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ದಿನ ತುಂಬಿ ಹುಟ್ಟಿದ 596 ಮಕ್ಕಳು, ಅವರಲ್ಲಿ 314 ಸಹಜ ಹೆರಿಗೆಯವರು, 282 ಸಿಸೇರಿಯನ್. 4ನೇ, 7ನೇ, 21ನೇ ದಿನಗಳ ಮಲದ ಮಾದರಿಗಳು, ಕೆಲವು ಮಕ್ಕಳಿಂದ ಮುಂದಿನ ತಿಂಗಳುಗಳವೂ ಸೇರಿ, ಒಟ್ಟು 1,679. ಸಹಜ ಹೆರಿಗೆಯ ಮಕ್ಕಳ ಕರುಳಿನಲ್ಲಿ ಯೋನಿಯ ಬ್ಯಾಕ್ಟೀರಿಯಾಗಳ ಕುರುಹು ತೀರಾ ಕಡಿಮೆ. ಅಲ್ಲಿ ಬೇರೂರಿದ್ದವು ತಾಯಿಯ ಕರುಳಿನ ತಳಿಗಳು. ಇದಕ್ಕೂ ಮೊದಲು, 2015ರಲ್ಲಿ, ಸ್ವೀಡನ್ನಿನ 98 ತಾಯಿ-ಮಗು ಜೋಡಿಗಳ ಅಧ್ಯಯನವೂ ಅದೇ ದಿಕ್ಕು ತೋರಿಸಿತ್ತು. ಸಹಜ ಹೆರಿಗೆಯ ಮಕ್ಕಳಲ್ಲಿ ಮೊದಲು ನೆಲೆಸಿದವುಗಳ ಪೈಕಿ ಶೇ 72ರಷ್ಟು ತಾಯಿಯ ಮಲದಲ್ಲೂ ಇದ್ದವು. ಸಿಸೇರಿಯನ್ ಮಕ್ಕಳಲ್ಲಿ ಈ ಪ್ರಮಾಣ ಶೇ 41.

ಮಲ ಮಗುವಿನ ಬಾಯಿಗೆ ಹೋಗುವುದು ಹೇಗೆ ಎಂದು ಮುಖ ಕಿವುಚುವವರು ಹೆರಿಗೆ ಕೋಣೆಯಲ್ಲಿ ನಡೆಯುವುದನ್ನು ಒಮ್ಮೆ ಗಮನಿಸಬೇಕು. ಮಗುವಿನ ತಲೆ ಕೆಳಗಿಳಿಯುವಾಗ ಹಿಂದಿರುವ ಗುದನಾಳವನ್ನು ಒತ್ತುತ್ತದೆ. ತಾಯಿ ಮುಕ್ಕಿರಿದಾಗ ಅದರಲ್ಲಿದ್ದದ್ದು ಸ್ವಲ್ಪ ಹೊರಬರುತ್ತದೆ. ಸೂಲಗಿತ್ತಿ ಸದ್ದಿಲ್ಲದೆ ಒರೆಸಿಬಿಡುತ್ತಾಳೆ. ಹೆಚ್ಚಿನ ಹೆರಿಗೆಗಳಲ್ಲಿ ಮಗುವಿನ ಹಿಂದಲೆ ತಾಯಿಯ ಮುಂಭಾಗಕ್ಕೆ, ಮುಖ ತಾಯಿಯ ಬೆನ್ನಿನ ಕಡೆಗೆ ಇರುತ್ತದೆ. ಅಂದರೆ ಹಣೆ, ಮೂಗು, ಬಾಯಿ ಒಂದರ ಹಿಂದೊಂದು ಹೊರಬರುವುದು ಗುದದ್ವಾರದ ಅಂಚಿನ ಮೇಲೆಯೇ ಸವರಿಕೊಂಡು. ಬೇಕಾದದ್ದು ಕಣ್ಣಿಗೆ ಕಾಣದಷ್ಟು ಅಂಶ ಮಾತ್ರ. ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ.

ಕಾಣೆಯಾಗುವುದು ಯಾವುದು

ಸಿಸೇರಿಯನ್ ಮಗುವಿನಲ್ಲಿ ಎಲ್ಲವೂ ಏರುಪೇರಾಗಿರುತ್ತದೆ ಎಂದುಕೊಳ್ಳಬೇಕಿಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗದೆ ಉಳಿಯುವ ವ್ಯತ್ಯಾಸ ಮುಖ್ಯವಾಗಿ ಒಂದೇ: ಬ್ಯಾಕ್ಟೀರಾಯ್ಡೀಸ್ ಎಂಬ ಕುಲ ಇಲ್ಲದಿರುವುದು ಅಥವಾ ತೀರಾ ಕಡಿಮೆ ಇರುವುದು. ಯಾಕೆ ಅದೇ ಎಂಬುದಕ್ಕೆ ಆ ಬ್ಯಾಕ್ಟೀರಿಯಾದ ಸ್ವಭಾವದಲ್ಲೇ ಉತ್ತರ ಇದೆ.

ಹುಟ್ಟಿದ ಮಗುವಿನ ಕರುಳಿನಲ್ಲಿ ಆಮ್ಲಜನಕ ಇರುತ್ತದೆ. ಹಾಗಾಗಿ ಮೊದಲ ಗಂಟೆಗಳಲ್ಲಿ ಬೆಳೆಯುವುದು ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕಬಲ್ಲವು: ಇ. ಕೋಲೈ, ಎಂಟರೋಕಾಕಸ್, ಸ್ಟೆಫೈಲೋಕಾಕಸ್. ಇವು ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಅದು ಮುಗಿದ ಮೇಲೆ, ಕೆಲವೇ ದಿನಗಳಲ್ಲಿ, ಆಮ್ಲಜನಕವನ್ನು ಸಹಿಸದ ಬೈಫಿಡೋಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡೀಸ್‌ಗಳಿಗೆ ದಾರಿ ತೆರೆಯುತ್ತದೆ. ಬ್ಯಾಕ್ಟೀರಾಯ್ಡೀಸ್ ಗಾಳಿಯಲ್ಲಿ ಹೆಚ್ಚು ಹೊತ್ತು ಬಾಳದು, ಕಷ್ಟಕಾಲ ದಾಟಿಸುವ ಗಟ್ಟಿ ಕವಚದ ಬೀಜಕವನ್ನೂ (ಸ್ಪೋರ್) ಕಟ್ಟದು. ಮಂಚ, ಬಟ್ಟೆ, ಕೈಗವಸಿನ ಮೇಲೆ ಕಾದು ಕುಳಿತು ಮಗುವನ್ನು ಸೇರುವುದು ಅದಕ್ಕೆ ಕಷ್ಟ. ತಾಯಿಯ ಕರುಳಿನಿಂದ ಮಗುವಿನ ಬಾಯಿಗೆ ನೇರ, ಹಸಿಯಾದ, ಹತ್ತಿರದ ದಾರಿ ಬೇಕು. ಸಿಸೇರಿಯನ್‌ನಲ್ಲಿ ಆ ದಾರಿಯೇ ತಪ್ಪುತ್ತದೆ. ಬೈಫಿಡೋಬ್ಯಾಕ್ಟೀರಿಯಂ ಪರಿಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಎದೆಹಾಲು ಅದಕ್ಕೆ ಆಹಾರವೂ ಹೌದು, ಬರುವ ದಾರಿಯೂ ಹೌದು.

ಬಿತ್ತದೆ ಬಿಟ್ಟ ಹೊಲಕ್ಕೆ ಕಳೆ ನುಗ್ಗುವ ಹಾಗೆ, ತೆರವಾದ ಜಾಗವನ್ನು ಬೇರೆಯವು ಹಿಡಿಯುತ್ತವೆ. ಬ್ರಿಟನ್ನಿನ ಅಧ್ಯಯನದ ಸಿಸೇರಿಯನ್ ಮಕ್ಕಳಲ್ಲಿ ಹೆಚ್ಚಾಗಿ ಕಂಡವು ಎಂಟರೋಕಾಕಸ್ ಫೀಕಾಲಿಸ್, ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ, ಎಂಟರೋಬ್ಯಾಕ್ಟರ್ ಕ್ಲೊಯೇಕೆ, ಮತ್ತು ಬೀಜಕ ಕಟ್ಟುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಆಸ್ಪತ್ರೆಯ ವಾತಾವರಣದಲ್ಲಿ ಸುಲಭವಾಗಿ ಸಿಗುವ ಈ ಬಗೆಯ ಅವಕಾಶವಾದಿ ಬ್ಯಾಕ್ಟೀರಿಯಾಗಳು ಮೊದಲ ವಾರಗಳಲ್ಲಿ ಸಿಸೇರಿಯನ್ ಮಕ್ಕಳ ಪೈಕಿ ಸುಮಾರು ಶೇ 84ರಷ್ಟು ಮಂದಿಯಲ್ಲಿ ಇದ್ದವು. ಸಹಜ ಹೆರಿಗೆಯವರಲ್ಲೂ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಇದ್ದವು ಎಂಬುದನ್ನೂ ಜೊತೆಗೇ ಹೇಳಬೇಕು. ಕರುಳಿನಲ್ಲಿ ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ಅವು ರಕ್ತಕ್ಕೆ ಇಳಿದರೆ ಮಾತ್ರ ಅಪಾಯ, ದಿನ ತುಂಬಿದ ಆರೋಗ್ಯವಂತ ಮಗುವಿನಲ್ಲಿ ಅದು ಅಪರೂಪ.

ಇನ್ನೊಂದು ತೊಡಕಿದೆ. 2020ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೊದಲ ವಾರ ಸಿಸೇರಿಯನ್ ಮಕ್ಕಳಲ್ಲೂ ಬ್ಯಾಕ್ಟೀರಾಯ್ಡೀಸ್ ಕಂಡಿತು, ಎರಡನೇ ವಾರದ ಹೊತ್ತಿಗೆ ಮಾಯವಾಯಿತು. ಹೆರಿಗೆ ನೋವು ಬಂದ ಮೇಲೆ ಸಿಸೇರಿಯನ್ ಆದವರಲ್ಲೂ ನೋವು ಬರುವ ಮೊದಲೇ ಆದವರಲ್ಲೂ ಅದೇ ಕಥೆ. ಅಂದರೆ ಬ್ಯಾಕ್ಟೀರಿಯಾ ಬಂದು ಸೇರುವುದಷ್ಟೇ ಅಲ್ಲ, ಬಂದದ್ದು ಉಳಿಯುವುದೂ ಸಮಸ್ಯೆಯೇ. ಫಿನ್ಲೆಂಡ್‌ನ 39 ಮಕ್ಕಳ ಅಧ್ಯಯನವಂತೂ ಮತ್ತೂ ಕುತೂಹಲದ್ದು: ಸಿಸೇರಿಯನ್ ಆದ ನಾಲ್ವರಲ್ಲೂ ಬ್ಯಾಕ್ಟೀರಾಯ್ಡೀಸ್ ಕೊರತೆ ಇತ್ತು, ಸಹಜ ಹೆರಿಗೆಯವರಲ್ಲಿ ಶೇ 20ರಷ್ಟು ಮಕ್ಕಳಲ್ಲೂ ಇತ್ತು. ಹೆರಿಗೆಯ ವಿಧಾನವೊಂದನ್ನೇ ಹಿಡಿದು ಒಂದು ಮಗುವಿನ ಕರುಳನ್ನು ಊಹಿಸಲು ಹೋಗಬಾರದು.

ಸಿಸೇರಿಯನ್ ಎಂಬ ಒಂದೇ ಹೆಸರಿನಡಿ ಎಷ್ಟೋ ಸಂಗತಿಗಳು

ಕೊಯ್ದು ತೆಗೆಯುವುದರ ಜೊತೆಗೆ ಇನ್ನೂ ಏನೇನೋ ಬರುತ್ತವೆ. ತಾಯಿಗೆ ಆ್ಯಂಟಿಬಯೋಟಿಕ್. ಆಸ್ಪತ್ರೆಯಲ್ಲಿ ಹೆಚ್ಚು ದಿನ. ಹಾಲು ಇಳಿಯುವುದು ತಡ. ಮಗು ಕೆಲ ಹೊತ್ತು ತಾಯಿಯಿಂದ ದೂರ. ದಿನಾಂಕ ಗೊತ್ತುಮಾಡಿ ಮಾಡಿದ್ದಾದರೆ ಒಂದೆರಡು ವಾರ ಮುಂಚಿತ ಹುಟ್ಟು. ಶಸ್ತ್ರಚಿಕಿತ್ಸೆಗೆ ಕಾರಣವಾದ ಮಧುಮೇಹ, ಬೊಜ್ಜು ಮುಂತಾದವೂ ತಾಯಿಯ ಸೂಕ್ಷ್ಮಾಣುಗಳನ್ನು ಬದಲಿಸಬಲ್ಲವು. ಇಷ್ಟನ್ನೂ ಬಿಡಿಸಿ ನೋಡದ ಅಧ್ಯಯನ 'ಸಿಸೇರಿಯನ್‌ನಿಂದ ಹೀಗಾಯಿತು' ಎಂದರೆ ಒಂದು ಚಿಟಿಕೆ ಅನುಮಾನ ಇಟ್ಟುಕೊಂಡೇ ಓದಬೇಕು.

ಇವುಗಳಲ್ಲಿ ಆ್ಯಂಟಿಬಯೋಟಿಕ್ ಬಗ್ಗೆ ತಂದೆತಾಯಿಗಳ ಆತಂಕ ಹೆಚ್ಚು. ಸಾಮಾನ್ಯವಾಗಿ ಸಿಸೇರಿಯನ್‌ಗೆ ಮುನ್ನ, ಕತ್ತರಿ ಹಾಕುವ 60 ನಿಮಿಷದೊಳಗೆ, ತಾಯಿಗೆ ರಕ್ತನಾಳದ ಮೂಲಕ 2 ಗ್ರಾಂ ಸೆಫಜೋಲಿನ್ ಕೊಡುತ್ತಾರೆ. ತೂಕ 120 ಕೆ.ಜಿ. ಅಥವಾ ಮೇಲಿದ್ದರೆ 3 ಗ್ರಾಂ. ಹಿಂದೆ ಇದನ್ನು ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೊಡುವ ರೂಢಿ ಇತ್ತು, ಮಗುವಿಗೆ ಔಷಧ ದಾಟದಿರಲಿ ಎಂದು. ಮುಂಚೆಯೇ ಕೊಟ್ಟರೆ ತಾಯಿಗೆ ಸೋಂಕು ಕಡಿಮೆ ಎಂದು ಗೊತ್ತಾದ ಮೇಲೆ ಪದ್ಧತಿ ಬದಲಾಯಿತು. ಹಾಗಾದರೆ ಮಕ್ಕಳಿಗೆ ತೊಂದರೆಯಾಯಿತೇ? ಬ್ರಿಟನ್ನಿನಲ್ಲಿ 5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿದ 2022ರ ಅಧ್ಯಯನದಲ್ಲಿ, ಮುಂಚೆ ಕೊಟ್ಟಿದ್ದರಿಂದ ಆಸ್ತಮಾ, ಎಕ್ಸಿಮಾ ಹೆಚ್ಚಾದ ಸುಳಿವು ಸಿಗಲಿಲ್ಲ. ಈ ಚುಚ್ಚುಮದ್ದನ್ನು ಬೇಡ ಎನ್ನುವುದು ಬುದ್ಧಿವಂತಿಕೆಯಲ್ಲ. ಸಿಸೇರಿಯನ್ ಗಾಯದ ಮತ್ತು ಗರ್ಭಕೋಶದ ಸೋಂಕನ್ನು ಅದು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ.

ಸಹಜ ಹೆರಿಗೆಯೂ ಆ್ಯಂಟಿಬಯೋಟಿಕ್‌ನಿಂದ ಹೊರತಲ್ಲ. ಗುಂಪು ಬಿ ಸ್ಟ್ರೆಪ್ಟೋಕಾಕಸ್ ಇರುವ ತಾಯಿಗೆ ನೋವು ಶುರುವಾದಾಗ 50 ಲಕ್ಷ ಯೂನಿಟ್ ಪೆನಿಸಿಲಿನ್, ಆಮೇಲೆ ಹೆರಿಗೆಯಾಗುವ ತನಕ 4 ಗಂಟೆಗೊಮ್ಮೆ 25ರಿಂದ 30 ಲಕ್ಷ ಯೂನಿಟ್ ಕೊಡುತ್ತಾರೆ. ಇಂಥ ಮಕ್ಕಳ ಕರುಳೂ ಮೊದಲ ವಾರಗಳಲ್ಲಿ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ. ಆದರೆ ಈ ಬ್ಯಾಕ್ಟೀರಿಯಾದಿಂದ ನವಜಾತ ಶಿಶುವಿಗೆ ನಂಜೇರಿದರೆ ಜೀವಕ್ಕೇ ಕುತ್ತು. ಇಲ್ಲಿ ತಕ್ಕಡಿ ಎತ್ತ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ವ್ಯತ್ಯಾಸ ಎಷ್ಟು ಕಾಲ

ಮೊದಲ ಎರಡು ಮೂರು ವಾರಗಳಲ್ಲಿ ಅಂತರ ಎದ್ದು ಕಾಣುತ್ತದೆ. ಆಮೇಲೆ ಕಿರಿದಾಗುತ್ತ ಬರುತ್ತದೆ. 2017ರ ಒಂದು ಅಮೆರಿಕನ್ ಅಧ್ಯಯನದಲ್ಲಿ 6 ವಾರಕ್ಕೇ ಹೆರಿಗೆಯ ವಿಧಾನದ ಗುರುತು ಸಿಗಲಿಲ್ಲ. ಸ್ವೀಡನ್ನಿನ ಇನ್ನೊಂದು ಸಣ್ಣ ಅಧ್ಯಯನದಲ್ಲಿ ಬ್ಯಾಕ್ಟೀರಾಯ್ಡೀಸ್ ಕೊರತೆ ವರ್ಷದವರೆಗೂ ಎಳೆಯಿತು. 903 ಮಕ್ಕಳ 12,000ಕ್ಕೂ ಹೆಚ್ಚು ಮಾದರಿಗಳನ್ನು ನೋಡಿದ ಬಹುರಾಷ್ಟ್ರೀಯ ಅಧ್ಯಯನ 2018ರಲ್ಲಿ ಹೇಳಿದ್ದು: ಹೆರಿಗೆಯ ವಿಧಾನದ ನೆರಳು ಬ್ಯಾಕ್ಟೀರಾಯ್ಡೀಸ್ ಮೇಲೆ ಇದೆ, ಆದರೆ ಮೊದಲ ವರ್ಷದ ಕರುಳನ್ನು ಎಲ್ಲಕ್ಕಿಂತ ಹೆಚ್ಚಾಗಿ ರೂಪಿಸುವುದು ಎದೆಹಾಲು. ಎದೆಹಾಲು ಬಿಟ್ಟೊಡನೆ ಕರುಳು ದೊಡ್ಡವರ ಕರುಳಿನತ್ತ ವೇಗವಾಗಿ ತಿರುಗುತ್ತದೆ. ಸುಮಾರು ಎರಡೂವರೆ ವರ್ಷದ ಹೊತ್ತಿಗೆ ಒಂದು ಸ್ಥಿರತೆಗೆ ಬರುತ್ತದೆ.

ಮುಂದೆ ಕಾಯಿಲೆ ಬರುತ್ತದೆಯೇ? ಅಂಕಿಗಳನ್ನು ತಣ್ಣಗೆ ನೋಡಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಒಂದು ವಿಶ್ಲೇಷಣೆ, ಸಿಸೇರಿಯನ್ ಮಕ್ಕಳಲ್ಲಿ 12 ವರ್ಷದೊಳಗೆ ಆಸ್ತಮಾ ಬರುವ ಸಂಭವ ಸುಮಾರು ಐದನೇ ಒಂದರಷ್ಟು ಹೆಚ್ಚು ಎಂದಿತು. ನೂರರಲ್ಲಿ 10 ಮಕ್ಕಳಿಗೆ ಬರುವ ಕಡೆ 12 ಮಕ್ಕಳಿಗೆ ಬಂದ ಹಾಗೆ. ಉಳಿದ 88 ಮಕ್ಕಳಿಗೆ ಬರುವುದೇ ಇಲ್ಲ. ಈ ಎರಡು ಹೆಚ್ಚುವರಿಯಲ್ಲೂ ಎಷ್ಟು ಪಾಲು ಶಸ್ತ್ರಚಿಕಿತ್ಸೆಯದ್ದು, ಎಷ್ಟು ತಾಯಿಯ ಆರೋಗ್ಯದ್ದು ಎಂದು ಬೇರ್ಪಡಿಸುವುದು ಕಷ್ಟ. ಬೊಜ್ಜಿನ ವಿಷಯದಲ್ಲಂತೂ ಸ್ವೀಡನ್ನಿನ 97,000ಕ್ಕೂ ಹೆಚ್ಚು ಯುವಕರ ಅಧ್ಯಯನದಲ್ಲಿ, ತಾಯಿಯ ತೂಕ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ನಂಟೇ ಉಳಿಯಲಿಲ್ಲ.

ನನ್ನ ಲೆಕ್ಕದಲ್ಲಿ ಹೆಚ್ಚು ತೂಕವಿರುವುದು ಕೋಪನ್‌ಹೇಗನ್‌ನ 700 ಮಕ್ಕಳ ಅಧ್ಯಯನಕ್ಕೆ. ಅಲ್ಲಿ ಆಸ್ತಮಾ ಸಂಭವ ಹೆಚ್ಚಿದ್ದದ್ದು ಎಲ್ಲ ಸಿಸೇರಿಯನ್ ಮಕ್ಕಳಲ್ಲಿ ಅಲ್ಲ; ಒಂದು ವರ್ಷವಾದರೂ ಕರುಳಿನಲ್ಲಿ ಸಿಸೇರಿಯನ್ ಗುರುತು ಅಳಿಸದೆ ಉಳಿದವರಲ್ಲಿ. ವರ್ಷದೊಳಗೆ ಕರುಳು ಮಾಗಿದ ಮಕ್ಕಳಿಗೆ ಆ ಹೆಚ್ಚುವರಿ ಸಂಭವ ಇರಲಿಲ್ಲ. ಹಾಗಾದರೆ ಹುಟ್ಟಿದ ದಿನಕ್ಕಿಂತ ನಂತರದ 12 ತಿಂಗಳು ಮುಖ್ಯ.

ಒರೆಸುವ ಬಟ್ಟೆಯ ಪ್ರಯೋಗ

2016ರಲ್ಲಿ ಒಂದು ಪ್ರಯೋಗ ಸುದ್ದಿಯಾಯಿತು. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ಗಂಟೆ ತಾಯಿಯ ಯೋನಿಯಲ್ಲಿಟ್ಟು ತೆಗೆದು, ಮಗು ಹೊರಬಂದ ಒಂದೆರಡು ನಿಮಿಷದೊಳಗೆ ಮೊದಲು ಬಾಯಿಗೆ, ಆಮೇಲೆ ಮುಖಕ್ಕೆ, ಮೈಗೆ ಒರೆಸುವುದು. ಹಾಗೆ ಒರೆಸಿದ್ದು ಕೇವಲ 4 ಮಕ್ಕಳಿಗೆ. ತಾಯಂದಿರನ್ನು ಸೋಂಕಿಗಾಗಿ ಮೊದಲೇ ಪರೀಕ್ಷಿಸಿದ್ದರು. ಸೂಕ್ಷ್ಮಾಣುಗಳು ಭಾಗಶಃ ದಾಟಿದವು. ಸುದ್ದಿ ಹರಡಿದ ಮೇಲೆ ಕೆಲವರು ಪರೀಕ್ಷೆ ಗಿರೀಕ್ಷೆ ಇಲ್ಲದೆ ತಾವೇ ಮಾಡಿಕೊಳ್ಳಲು ಹೊರಟರು. ಅಪಾಯ ಇರುವುದು ಇಲ್ಲೇ: ಹರ್ಪಿಸ್, ಗುಂಪು ಬಿ ಸ್ಟ್ರೆಪ್ಟೋಕಾಕಸ್, ಕ್ಲಮೈಡಿಯಾ, ಗೊನೊರಿಯಾ ತಾಯಿಯಲ್ಲಿ ಲಕ್ಷಣವಿಲ್ಲದೆ ಇರಬಲ್ಲವು. ನವಜಾತ ಶಿಶುವಿಗೆ ಹರ್ಪಿಸ್ ಮಿದುಳಿಗೆ ಏರಬಲ್ಲದು. ಅಮೆರಿಕದ ಪ್ರಸೂತಿ ತಜ್ಞರ ಸಂಘ 2017ರಲ್ಲೇ ಸಂಶೋಧನೆಯ ಹೊರಗೆ ಇದನ್ನು ಮಾಡಬಾರದು ಎಂದಿತು. ಯೋನಿಯ ಬ್ಯಾಕ್ಟೀರಿಯಾಗಳನ್ನು ಬಾಯಿಯ ಮೂಲಕ ಕೊಟ್ಟು ನೋಡಿದ ನ್ಯೂಜಿಲೆಂಡಿನ ಸಣ್ಣ ಪ್ರಯೋಗದಲ್ಲಿ 1 ಮತ್ತು 3 ತಿಂಗಳಿಗೆ ಮಗುವಿನ ಕರುಳಿನಲ್ಲಿ ಬದಲಾವಣೆಯೇ ಕಾಣಲಿಲ್ಲ. ಕೊರತೆ ಇರುವುದು ತಾಯಿಯ ಕರುಳಿನ ಬ್ಯಾಕ್ಟೀರಿಯಾಗಳದ್ದಾದಾಗ ಯೋನಿಯವನ್ನು ತಂದು ಸವರಿದರೆ ತುಂಬುವುದಾದರೂ ಹೇಗೆ?

ಸರಿಯಾದ ಬಾಗಿಲು ತಟ್ಟಿದವರು ಫಿನ್ಲೆಂಡ್‌ನ ಹೆಲ್ಸಿಂಕಿಯವರು. 2020ರಲ್ಲಿ ಪ್ರಕಟವಾದ ಅವರ ಪ್ರಯೋಗಕ್ಕೆ 17 ತಾಯಂದಿರು ಮುಂದೆ ಬಂದರೂ ಕಟ್ಟುನಿಟ್ಟಿನ ತಪಾಸಣೆಯ ನಂತರ ಆಯ್ಕೆಯಾದವರು 7. ಹೆರಿಗೆಗೆ 3 ವಾರ ಮುಂಚೆ ತಾಯಿಯ ಮಲದ ಮಾದರಿ ತೆಗೆದು, ರೋಗಾಣುಗಳಿಗಾಗಿ ಪರೀಕ್ಷಿಸಿ, 3.5ರಿಂದ 7 ಮಿಲಿಗ್ರಾಂನಷ್ಟನ್ನು ಹಾಲಿನಲ್ಲಿ ಬೆರೆಸಿ ಮಗುವಿನ ಮೊದಲ ಹಾಲೂಡಿಕೆಯಲ್ಲೇ ಕೊಟ್ಟರು. 3 ತಿಂಗಳಲ್ಲಿ ಆ ಮಕ್ಕಳ ಕರುಳು ಸಹಜ ಹೆರಿಗೆಯ ಮಕ್ಕಳದ್ದನ್ನು ಹೋಲತೊಡಗಿತು. ತೊಂದರೆ ಯಾರಿಗೂ ಆಗಲಿಲ್ಲ. ಆದರೆ ಅಂಥ ಆಸ್ಪತ್ರೆಯಲ್ಲೇ 17ರಲ್ಲಿ 10 ಮಂದಿ ಹೊರಗುಳಿದರು ಎಂಬುದನ್ನು ಮರೆಯಬಾರದು. ಮನೆಯಲ್ಲಿ ಇದನ್ನು ಯಾರೂ ಊಹೆಯಲ್ಲೂ ಮಾಡಕೂಡದು.

ಮಾಡಬಹುದಾದದ್ದು

ಮಗುವನ್ನು ತಾಯಿಯ ಎದೆಯ ಮೇಲೆ, ಬರಿಮೈಗೆ ಬರಿಮೈ ತಾಗುವಂತೆ ಮಲಗಿಸುವುದನ್ನು ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಶುರು ಮಾಡಬಹುದು, ತಾಯಿಗೆ ಪೂರ್ತಿ ಪ್ರಜ್ಞೆ ತಪ್ಪಿಸದೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರೆ. ಇದನ್ನು ಮುಂಚೆಯೇ ವೈದ್ಯರಿಗೆ ಹೇಳಿಟ್ಟರೆ ಮಾನಿಟರಿನ ಅಂಟುಪಟ್ಟಿಗಳನ್ನು ಎದೆಯ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಡುತ್ತಾರೆ. ಮೊದಲ ಸ್ನಾನ ಕನಿಷ್ಠ 24 ಗಂಟೆ ತಡವಾಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಹಾಲೂಡಿಸುವುದು ಮೊದಲ ಗಂಟೆಯಲ್ಲೇ ಆಗಬೇಕು. ಹೊಟ್ಟೆಯ ಗಾಯದ ಮೇಲೆ ಭಾರ ಬೀಳದಂತೆ ಪಕ್ಕಕ್ಕೆ ಮಲಗಿ, ಅಥವಾ ಮಗುವಿನ ಕಾಲುಗಳು ಬೆನ್ನಿನ ಕಡೆಗೆ ಹೋಗುವಂತೆ ಕಂಕುಳಡಿ ಹಿಡಿದು ಕೊಡಬಹುದು. ಮಗು ನವಜಾತ ಶಿಶುಗಳ ಘಟಕದಲ್ಲಿದ್ದರೆ ಕೈಯಿಂದಲೇ ಹಾಲು ಹಿಂಡಿ ಚಮಚದಲ್ಲೋ ಸಿರಿಂಜಿನಲ್ಲೋ ಕಳಿಸಬೇಕು, ದಿನಕ್ಕೆ 8 ಸಲ. ಮೊದಲ ದಿನ ಸಿಗುವುದು ತೀರಾ ಕಡಿಮೆ, ಒಂದು ಸಲಕ್ಕೆ ಮಗುವಿಗೆ ಸಾಕಾಗುವುದೂ 2ರಿಂದ 10 ಮಿಲಿಲೀಟರ್ ಅಷ್ಟೇ. ಇಲ್ಲೇ ಹೆಚ್ಚಿನವರು ಎಡವುವುದು: 'ಹಾಲೇ ಬರುತ್ತಿಲ್ಲ' ಎಂದು ಬಾಟಲಿ ಹಾಲಿಗೆ ಕೈಹಾಕುತ್ತಾರೆ, ಎದೆ ಖಾಲಿಯಾಗದೆ ಹಾಲು ಮತ್ತೂ ತಡವಾಗುತ್ತದೆ. ಆ ಕೆಲವು ಹನಿಗಳೇ ಗಟ್ಟಿ. ಮೊದಲ ದಿನಗಳ ಹಾಲಿನಲ್ಲಿ ಲೀಟರಿಗೆ 20ರಿಂದ 25 ಗ್ರಾಂ, ಆಮೇಲಿನ ಹಾಲಿನಲ್ಲಿ 5ರಿಂದ 15 ಗ್ರಾಂ, ಮಗು ಜೀರ್ಣಿಸಿಕೊಳ್ಳಲಾಗದ ಸಂಕೀರ್ಣ ಸಕ್ಕರೆಗಳಿರುತ್ತವೆ. ಅವು ಇರುವುದೇ ಬೈಫಿಡೋಬ್ಯಾಕ್ಟೀರಿಯಂನಂಥವುಗಳಿಗೆ. ಅವನ್ನು ತಿಂದು ಆ ಬ್ಯಾಕ್ಟೀರಿಯಾಗಳು ಅಸಿಟಿಕ್, ಲ್ಯಾಕ್ಟಿಕ್ ಆಮ್ಲ ಹೊರಬಿಡುತ್ತವೆ. ಕರುಳು ಆಮ್ಲೀಯವಾಗಿ ಕ್ಲೆಬ್ಸಿಯೆಲ್ಲಾ, ಕ್ಲಾಸ್ಟ್ರಿಡಿಯಂಗಳಿಗೆ ಜಾಗ ಇಕ್ಕಟ್ಟಾಗುತ್ತದೆ. ಕಪ್ಪಗೆ ಅಂಟಂಟಾಗಿದ್ದ ಮಲ ಹಸಿರಾಗಿ, ನಾಲ್ಕೈದು ದಿನಕ್ಕೆ ತೆಳು ಹಳದಿಗೆ ತಿರುಗಿ ಸಣ್ಣಗೆ ಹುಳಿ ವಾಸನೆ ಬಂದರೆ ಹಾಲು ಸರಿಯಾಗಿ ಹೋಗುತ್ತಿದೆ ಎಂದರ್ಥ. 107 ಜೋಡಿಗಳ ಒಂದು ಅಧ್ಯಯನದಲ್ಲಿ, ಮುಖ್ಯವಾಗಿ ಎದೆಹಾಲನ್ನೇ ಕುಡಿದ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮೊದಲ ತಿಂಗಳು ಶೇ 27.7 ಹಾಲಿನಿಂದ, ಶೇ 10.3 ಮೊಲೆತೊಟ್ಟಿನ ಸುತ್ತಲ ಚರ್ಮದಿಂದ ಬಂದಿದ್ದವು. 2023ರ ಡಚ್ ಅಧ್ಯಯನವೊಂದರಲ್ಲಿ ಸಿಸೇರಿಯನ್ ಮಕ್ಕಳು ತಾಯಿಯ ಕರುಳಿನಿಂದ ಪಡೆಯದ್ದನ್ನು ಹಾಲಿನ ದಾರಿಯಿಂದ ಹೆಚ್ಚಾಗಿ ಪಡೆದದ್ದೂ ಕಂಡಿತು.

ಮಗುವಿಗೇ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯ ವರದಿ ಏನು ಹೇಳಿತು? 36ರಿಂದ 48 ಗಂಟೆಯಲ್ಲಿ ಏನೂ ಬೆಳೆಯದಿದ್ದು, ಮಗುವೂ ಚೆನ್ನಾಗಿದ್ದರೆ ನಿಲ್ಲಿಸುವುದೇ ಸಾಮಾನ್ಯ ಕ್ರಮ. ಅನುಮಾನಕ್ಕೆಂದು ಶುರುವಾದದ್ದು ಸುಮ್ಮನೆ ವಾರ ಎಳೆಯುವುದು ಎಳೆಯ ಕರುಳಿಗೆ ಬೀಳುವ ದೊಡ್ಡ ಪೆಟ್ಟು.

ಪ್ರೋಬಯಾಟಿಕ್ ಹನಿಗಳ, ಅಂದರೆ ಜೀವಂತ ಬ್ಯಾಕ್ಟೀರಿಯಾಗಳಿರುವ ಹನಿಗಳ ಬಗ್ಗೆ: ಫಿನ್ಲೆಂಡ್‌ನ ಒಂದು ಪ್ರಯೋಗದಲ್ಲಿ 5 ವರ್ಷದ ಹೊತ್ತಿಗೆ ಅಲರ್ಜಿ ಕಡಿಮೆಯಾದದ್ದು ಸಿಸೇರಿಯನ್ ಮಕ್ಕಳಲ್ಲಿ ಮಾತ್ರ. ಆಸೆ ಹುಟ್ಟಿಸುವ ಫಲಿತಾಂಶ, ಆದರೆ ಅದು ನಿರ್ದಿಷ್ಟ ತಳಿಗಳದ್ದು, ಅಂಗಡಿಯಲ್ಲಿ ಸಿಗುವ ಯಾವುದೋ ಬಾಟಲಿಯದ್ದಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ನವಜಾತ ಶಿಶು ತಜ್ಞರ ಮಾತಿಲ್ಲದೆ ಇವನ್ನು ಕೊಡಲೇಬಾರದು. ಹಾಗೆ ಕೊಟ್ಟ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಒಂದು ಮಗು ತೀರಿಕೊಂಡ ನಂತರ 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಇನ್ನು ಮಗುವಿನ ಮಲವನ್ನು ಕಳಿಸಿ 'ಮೈಕ್ರೋಬಯೋಮ್ ಅಂಕ' ತರಿಸಿಕೊಳ್ಳುವ ಕಿಟ್‌ಗಳು. ಹಸುಗೂಸಿಗೆ ಇದೇ ಸರಿಯಾದ ಮಟ್ಟ ಎಂದು ಒಪ್ಪಿತವಾದ ಅಳತೆಯೇ ಇಲ್ಲ, ಒಂದೇ ಮಗುವಿನಲ್ಲಿ ವಾರದಿಂದ ವಾರಕ್ಕೆ ಎಲ್ಲ ಬದಲಾಗುತ್ತಿರುತ್ತದೆ. ಆ ವರದಿ ಹಿಡಿದು ಹೋದರೆ ಮಕ್ಕಳ ವೈದ್ಯರು ತೂಕ ನೋಡುತ್ತಾರೆ, ಒದ್ದೆಯಾದ ಡೈಪರ್ ಎಷ್ಟು ಎಂದು ಕೇಳುತ್ತಾರೆ, ವರದಿಯನ್ನು ಪಕ್ಕಕ್ಕಿಡುತ್ತಾರೆ.